ಅಟ್ಟದಲ್ಲಿ ರಾತ್ರಿ ಓಡಾಡುತ್ತಿರುವುದು ಯಾವ ಪ್ರಾಣಿ? ಏನು ಮಾಡುವುದು? (ಮಲ್ಲೇಶ್ವರ, ಹೆಂಚಿನ ಮನೆ)

ಹೆಂಚಿನಮನೆ_ಮಲ್ಲೇಶ್ವರ

ಎಲ್ಲರಿಗೂ ನಮಸ್ಕಾರ. ನಮ್ಮದು ಮಲ್ಲೇಶ್ವರದಲ್ಲಿ ಹಳೇ ಮಂಗಳೂರು ಹೆಂಚಿನ ಮನೆ. ಹೆಂಚಿನ ಕೆಳಗೆ ಮರದ ಹಲಗೆಯ ಅಟ್ಟ ಇದೆ. ಹಿಂದೆ ತೆಂಗಿನಕಾಯಿ, ಹಿತ್ತಾಳೆ ಪಾತ್ರೆ ಎಲ್ಲ ಅಲ್ಲೇ ಇಡುತ್ತಿದ್ದರು. ಈಗ ಯಾರೂ ಹತ್ತುವುದಿಲ್ಲ.

ಸ್ವಲ್ಪ ದಿನದಿಂದ ಅಲ್ಲಿ ಏನೋ ಸೇರಿಕೊಂಡಿದೆ. ಕತ್ತಲಾಗಿ ದೀಪ ಹಚ್ಚಿದ ಮೇಲೆ ಒಂದು ಸಲ ದಡಬಡ ಓಡಾಟ. ಆಮೇಲೆ ಸದ್ದೇ ಇಲ್ಲ. ಬೆಳಗಿನ ಜಾವ ಹಾಲಿನವರು ಬರುವ ಮುಂಚೆ ಮತ್ತೆ ಸದ್ದು. ಹಲಗೆ ಕಿರುಗುಟ್ಟುತ್ತದೆ, ಅಷ್ಟು ಭಾರ ಇದೆ. ಕಾಂಪೌಂಡ್ ಗೋಡೆಯ ಮೇಲೆ ಹಿಕ್ಕೆ ಬಿದ್ದಿರುತ್ತದೆ, ಅದರ ತುಂಬ ಬೀಜ. ಒಂದು ಮೂಲೆಯಲ್ಲಿ ಹಲಗೆ ಹಳದಿಯಾಗಿದೆ, ವಾಸನೆಯೂ ಇದೆ.

ಅತ್ತೆಗೆ ವಯಸ್ಸಾಗಿದೆ. ಸದ್ದಿಗೆ ಎಚ್ಚರವಾದರೆ ಅವರಿಗೆ ಮತ್ತೆ ನಿದ್ದೆ ಬರುವುದಿಲ್ಲ. ಜಿರಳೆ, ಗೆದ್ದಲಿಗೆ ಔಷಧಿ ಹೊಡೆಯುವವರನ್ನು ಕರೆಸಿದೆವು. ಬೋನು ಇಟ್ಟು ಹಿಡಿದು ಊರಾಚೆ ಬಿಟ್ಟು ಬರುತ್ತೇವೆ ಎಂದರು. ಒಪ್ಪಲು ಮನಸ್ಸು ಬರುತ್ತಿಲ್ಲ. ಮೊದಲು ಅದು ಏನು ಅಂತ ಗೊತ್ತಾಗಬೇಕು. ಯಾರಿಗಾದರೂ ಅನುಭವ ಇದೆಯಾ?

ಜಯನಗರ_ನಿವಾಸಿ

ಮೇಡಂ, ಬೇಗ ಹಿಡಿಸಿ. ವಯಸ್ಸಾದವರು ಇರುವ ಮನೆ. ಕಚ್ಚಿದರೆ ಏನು ಗತಿ? ಹಿಡಿದು ಬನ್ನೇರುಘಟ್ಟದ ಕಡೆ ಬಿಟ್ಟರೆ ಅದಕ್ಕೂ ಕಾಡು ಸಿಗುತ್ತದೆ, ನಿಮಗೂ ನೆಮ್ಮದಿ.

ರಾತ್ರಿಸಂಚಾರಿ

ಮೇಡಂ, ಬೋನಿನವರಿಗೆ ಸದ್ಯಕ್ಕೆ ಬೇಡ ಅಂತ ಹೇಳಿ. ವನ್ಯಜೀವಿ ರಕ್ಷಣೆಯವರ ಜೊತೆ ಸ್ವಯಂಸೇವಕನಾಗಿ ಓಡಾಡುತ್ತೇನೆ. ಬೆಂಗಳೂರಿನ ಅಟ್ಟಗಳಲ್ಲಿ ಸಿಗುವ ಪ್ರಾಣಿಗಳು ಲೆಕ್ಕಕ್ಕೆ ಸಿಗುವಷ್ಟೇ. ಯಾವುದು ಅಂತ ಕೆಳಗೆ ನಿಂತೇ ಹೆಚ್ಚುಕಡಿಮೆ ಹೇಳಬಹುದು. ನೋಡಬೇಕಾದ್ದು ಹೊತ್ತು, ತೂಕ, ಹಿಕ್ಕೆ.

ಹಗಲು ಹೊತ್ತಿನಲ್ಲಿ ಕರಕರ ಕಡಿಯುವ ಸದ್ದು, ಕಿಚಕಿಚ ಕೂಗು ಇದ್ದರೆ ಅಳಿಲು. ರಾತ್ರಿಯೆಲ್ಲ ಸಣ್ಣಗೆ ಗೀರುವ ಸದ್ದು ಬರುತ್ತಿದ್ದರೆ ಇಲಿ. ಅದರ ಹಿಕ್ಕೆ ಒಂದೆರಡು ಸೆಂಟಿಮೀಟರ್ ಉದ್ದ, ಅಲ್ಲಲ್ಲಿ ಚೆಲ್ಲಿರುತ್ತದೆ. ಹೆಗ್ಗಣ ಸಾಮಾನ್ಯವಾಗಿ ನೆಲದಲ್ಲಿ ಬಿಲ ತೋಡುವ ಪ್ರಾಣಿ, ಅಟ್ಟಕ್ಕೆ ಅಷ್ಟಾಗಿ ಬರುವುದಿಲ್ಲ. ಮುಂಗುಸಿಯೂ ಹಾಗೇ, ಅದು ಓಡಾಡುವುದು ಹಗಲಲ್ಲಿ. ಬಾವಲಿ ಇದ್ದರೆ ಸಂದಿನ ಕೆಳಗೆ ಹಿಕ್ಕೆ ರಾಶಿ ಬಿದ್ದಿರುತ್ತದೆ. ಕೀಟ ತಿನ್ನುವ ಬಾವಲಿಯದಾದರೆ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ, ಒಳಗೆ ಹುಳದ ರೆಕ್ಕೆಯ ಹೊಳಪು ಕಾಣುತ್ತದೆ. ಒತ್ತಿ ನೋಡುವುದಾದರೆ ಕೈಗವಸು ಹಾಕಿಕೊಳ್ಳಿ.

ನೀವು ಹೇಳಿದ ಮೂರೂ ಗುರುತು ಬೇರೆ ಕಡೆ ಬೊಟ್ಟು ಮಾಡುತ್ತಿವೆ. ಮುಸ್ಸಂಜೆ ಹೊರಗೆ ಹೋಗಿ ನಸುಕಿಗೆ ವಾಪಸ್ ಬರುತ್ತದೆ. ಹಲಗೆ ಕಿರುಗುಟ್ಟುವಷ್ಟು ಭಾರ. ಗೋಡೆಯ ಮೇಲೆ ಎತ್ತರದ ಬಯಲು ಜಾಗದಲ್ಲಿ ಬೀಜ ತುಂಬಿದ ಹಿಕ್ಕೆ. ನನಗೆ ಪುನುಗು ಬೆಕ್ಕು ಅನ್ನಿಸುತ್ತಿದೆ. ಆದರೆ ಕಣ್ಣಾರೆ ನೋಡದೆ ಖಚಿತ ಮಾಡುವುದು ಬೇಡ. ಬೀಜ ಯಾವುದು ಅಂತ ನೋಡಿದ್ದೀರಾ?

ಬಸವನಗುಡಿ_ಹಿರಿಯ

ನಮ್ಮ ಮನೆಯ ಅನುಭವ ಹೇಳುತ್ತೇನಮ್ಮ. ಅಟ್ಟದಿಂದ ರಾತ್ರಿಯಿಡೀ ಬುಸುಬುಸು ಸದ್ದು ಬರುತ್ತಿತ್ತು. ಹಾವೇ ಅಂತ ಮನೆಮಂದಿ ಎಲ್ಲ ಹೆದರಿದ್ದರು. ಬ್ಯಾಟರಿ ಬಿಟ್ಟು ನೋಡಿದರೆ ಕಣಜಗೂಬೆ ಮರಿಗಳು, ಬಿಳಿ ಮುಖ. ಹೊಟ್ಟೆ ಹಸಿದಾಗ ಅವು ಹಾಗೆ ಬುಸುಗುಡುತ್ತವೆ. ಕೆಳಗೆ ಕಪ್ಪು ಉಂಡೆಗಳು ಬಿದ್ದಿದ್ದವು. ಒಡೆದರೆ ಒಳಗೆ ಇಲಿಯ ಮೂಳೆ, ಕೂದಲು. ಅದು ಹಿಕ್ಕೆಯಲ್ಲ. ಜೀರ್ಣ ಆಗದ್ದನ್ನು ಗೂಬೆ ಬಾಯಿಂದ ಉಗುಳಿದ್ದು. ಮರಿ ಹಾರಿ ಹೋಗುವವರೆಗೂ ಸುಮ್ಮನಿದ್ದೆವು. ಗೂಬೆ ಮನೆಗೆ ಬಂದರೆ ಅಪಶಕುನ ಅಂತ ಕೆಲವರು ಹೇಳಿದರು. ನಮ್ಮ ತಾಯಿ ಅದಕ್ಕೆ ಕಿವಿಗೊಡಲಿಲ್ಲ. ಆ ವರ್ಷ ನಮ್ಮ ಮನೆ ಸುತ್ತ ಇಲಿ ಕಾಟವೇ ಇರಲಿಲ್ಲ.

ನಿಮಗೊಂದು ಸುಲಭದ ಉಪಾಯ. ಅಟ್ಟದ ಬಾಯಲ್ಲಿ, ಅದು ಓಡಾಡುವ ಕಡೆ, ರಂಗೋಲಿ ಪುಡಿಯನ್ನು ತೆಳ್ಳಗೆ ಉದುರಿಸಿ. ಬೆಳಿಗ್ಗೆ ಹೆಜ್ಜೆ ನೋಡಿ. ಬೆಕ್ಕಾದರೆ ನಾಲ್ಕು ಬೆರಳು, ಉಗುರು ಕಾಣುವುದಿಲ್ಲ. ಪುನುಗಿಗೆ ಐದು.

ಜಯನಗರ_ನಿವಾಸಿ

ಐಐಎಸ್‌ಸಿ ಕಡೆ ಕಾಡುಪಾಪ ಇದೆ ಅಂತ ಪೇಪರಿನಲ್ಲಿ ಓದಿದ್ದೆ. ಮಲ್ಲೇಶ್ವರಕ್ಕೆ ಹತ್ತಿರವೇ ಅಲ್ವಾ? ಅದಿರಬಹುದಾ?

ರಾತ್ರಿಸಂಚಾರಿ

ಅಲ್ಲಿ ಇರುವುದು ನಿಜ ಸರ್. ಆದರೆ ಕಾಡುಪಾಪ ಇನ್ನೂರು, ಮುನ್ನೂರು ಗ್ರಾಂ ತೂಗುವ ಪುಟ್ಟ ಜೀವ. ಮರದಿಂದ ಮರಕ್ಕೆ ನಿಧಾನವಾಗಿ ಸಾಗುತ್ತದೆ. ಅದು ಅಟ್ಟ ಸೇರಿ ಹಲಗೆ ಕಿರುಗುಟ್ಟಿಸುವುದಿಲ್ಲ.

ಹೆಂಚಿನಮನೆ_ಮಲ್ಲೇಶ್ವರ

ಬಸವನಗುಡಿಯ ಹಿರಿಯರಿಗೆ ತುಂಬ ಥ್ಯಾಂಕ್ಸ್. ರಂಗೋಲಿ ಪುಡಿ ಉದುರಿಸಿದ್ದೆವು. ಹೆಜ್ಜೆ ಸ್ಪಷ್ಟವಾಗಿ ಮೂಡಿದೆ, ಐದು ಬೆರಳು. ಹಿಕ್ಕೆಯಲ್ಲಿರುವುದು ಸಪೋಟ ಬೀಜ. ಜೊತೆಗೆ ಸಣ್ಣ ಸಣ್ಣ ಕಾಳಿನಂಥ ಬೀಜ ತುಂಬ ಇವೆ. ಎದುರು ಮನೆಯ ಗಸಗಸೆ ಹಣ್ಣಿನ ಮರದ್ದು ಇರಬೇಕು.

ಮಗ ಹಳೇ ಮೊಬೈಲನ್ನು ಸೂರಿನ ಕಡೆ ಮುಖ ಮಾಡಿ ಇಟ್ಟಿದ್ದ. ವಿಡಿಯೋದಲ್ಲಿ ಸಿಕ್ಕಿದೆ. ಬೂದು ಬಣ್ಣದ ಉದ್ದ ಮೈ, ಕಾಲು ಗಿಡ್ಡ. ಬಾಲ ಮೈಯಷ್ಟೇ ಉದ್ದ, ಕಪ್ಪಗಿದೆ. ಕಣ್ಣಿನ ಸುತ್ತ ಕಪ್ಪು, ಅದರ ಪಕ್ಕದಲ್ಲಿ ಬಿಳಿ ಮಚ್ಚೆ. ಸೂರಿನ ಸಂದಿನಿಂದ ಇಳಿದು, ಕೇಬಲ್ ತಂತಿ ಹಿಡಿದು ಪಕ್ಕದ ಮಾವಿನ ಮರಕ್ಕೆ ಹೋಯಿತು. ಎಷ್ಟು ಹಗುರಾಗಿ ನಡೆಯುತ್ತದೆ ಅಂದರೆ ತಂತಿ ಅಲುಗಾಡಿದ್ದೂ ಕಾಣುವುದಿಲ್ಲ.

ರಾತ್ರಿಸಂಚಾರಿ

ಖಚಿತವಾಯಿತು. ಪುನುಗು ಬೆಕ್ಕೇ. ನಮ್ಮ ಕಡೆ ಎರಡು ಬಗೆ ಇವೆ. ಬಾಲದಲ್ಲಿ ಉಂಗುರ ಉಂಗುರ ಪಟ್ಟೆ ಇರುವುದು ಹೆಚ್ಚಾಗಿ ನೆಲದ ಮೇಲೇ ಇರುತ್ತದೆ. ನಿಮ್ಮ ಮನೆಯದು ಮರ ಹತ್ತುವ ಬಗೆ, ಅದರ ಬಾಲಕ್ಕೆ ಉಂಗುರ ಇರುವುದಿಲ್ಲ. 2ರಿಂದ 5 ಕಿಲೋ ತೂಗುತ್ತದೆ. ಹೆಸರಲ್ಲಿ ಬೆಕ್ಕು ಅಂತ ಇದ್ದರೂ ಬೆಕ್ಕಿನ ಕುಟುಂಬದ್ದಲ್ಲ.

ಹಣ್ಣೇ ಇದರ ಮುಖ್ಯ ಊಟ. ಸಪೋಟ, ಮಾವು, ನೇರಳೆ, ಅತ್ತಿ, ಪರಂಗಿ, ಬೈನೆ ಮರದ ಹಣ್ಣು. ಜೊತೆಗೆ ಇಲಿ, ಹಲ್ಲಿ, ಹುಳು. ಬೀಜವನ್ನು ಇಡಿಯಾಗಿ ನುಂಗಿ ಬೇರೆ ಕಡೆ ಹಾಕುತ್ತದೆ. ಊರಿನ ಎಷ್ಟೋ ಅತ್ತಿ, ನೇರಳೆ ಗಿಡ ಹೀಗೆ ಯಾರೂ ನೆಡದೆ ಹುಟ್ಟಿರುತ್ತವೆ. ಕೊಡಗಿನ ಕಾಫಿ ತೋಟದವರು ಇದನ್ನು ಚೆನ್ನಾಗಿ ಬಲ್ಲರು. ಹಣ್ಣಾದ ಕಾಫಿಯನ್ನೇ ಆರಿಸಿ ತಿನ್ನುತ್ತದೆ.

ಇದು ಕಾಡಿನಿಂದ ದಾರಿ ತಪ್ಪಿ ನಿಮ್ಮ ಮನೆಗೆ ಬಂದಿದ್ದಲ್ಲ. ಮಲ್ಲೇಶ್ವರ, ಬಸವನಗುಡಿಯಂಥ ಹಳೇ ಬಡಾವಣೆಗಳಲ್ಲಿ ದೊಡ್ಡ ಮರ, ಹಿತ್ತಲು, ಹೆಂಚಿನ ಮಾಡು ಇದ್ದವು. ಪೊಟರೆ ಇದ್ದ ಮರ ಒಂದೊಂದೇ ಹೋಗುತ್ತಿವೆ. ಹಗಲು ಮಲಗಲು ಅದಕ್ಕೆ ಉಳಿದಿರುವುದು ನಿಮ್ಮಂಥ ಮನೆಯ ಅಟ್ಟ. ಒಂದೇ ಪ್ರಾಣಿಗೆ ಇಂಥ ಮಲಗುವ ಜಾಗ ಮೂರ್ನಾಲ್ಕು ಇರುತ್ತವೆ. ಆದ್ದರಿಂದ ಒಂದು ಜಾಗ ಮುಚ್ಚಿದರೆ ಅದು ಬೀದಿಪಾಲಾಗುವುದಿಲ್ಲ. ಹಿಡಿಯುವ ಅಗತ್ಯವೇ ಇಲ್ಲ ಅಂತ ನಾನು ಹೇಳುವುದು ಇದಕ್ಕೇ.

ಇನ್ನು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಇದಕ್ಕೆ ರಕ್ಷಣೆ ಇದೆ. ಆ ಕಾಯ್ದೆಯ ಪ್ರಕಾರ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಬೋನು ಹಾಕುವುದು, ವಿಷ ಇಡುವುದು ಎಲ್ಲವೂ ಅದರಲ್ಲಿ ಸೇರಿದೆ. 2022ರ ತಿದ್ದುಪಡಿಯಲ್ಲಿ ಸಾಮಾನ್ಯ ಉಲ್ಲಂಘನೆಯ ದಂಡವನ್ನೂ 25,000ದಿಂದ 1 ಲಕ್ಷ ರೂಪಾಯಿವರೆಗೆ ಏರಿಸಿದ್ದಾರೆ. ಬೋನು ಇಟ್ಟವರ ಜೊತೆ ಇಡಿಸಿದವರಿಗೂ ತೊಂದರೆ ಬರುತ್ತದೆ.

ಜಯನಗರ_ನಿವಾಸಿ

ಕಾನೂನು ಒಪ್ಪಿದೆ ಸರ್. ಆದರೆ ಮನೆ ಅವರದ್ದು. ಹಲಗೆ ಕೊಳೆತರೆ, ವೈರ್ ಕಡಿದರೆ ದುಡ್ಡು ಯಾರು ಕೊಡುತ್ತಾರೆ? ಪ್ರಾಣಿ ಬಗ್ಗೆ ಮಾತಾಡುವವರು ಮನೆಯವರ ಕಷ್ಟ ಕೇಳುವುದು ಕಡಿಮೆ. ಬನ್ನೇರುಘಟ್ಟಕ್ಕೆ ಬಿಟ್ಟರೆ ಅದಕ್ಕೆ ಏನು ನಷ್ಟ ಅಂತ ನನಗೆ ಇನ್ನೂ ಅರ್ಥವಾಗಿಲ್ಲ.

ರಾತ್ರಿಸಂಚಾರಿ

ಸರ್, ನಿಮ್ಮ ಪ್ರಶ್ನೆ ಸರಿಯಾಗಿದೆ. ಖರ್ಚು ಮನೆಯವರದ್ದೇ. ಅದಕ್ಕೇ ಬೇಗ, ಸರಿಯಾಗಿ ಮುಗಿಸಬೇಕು ಅನ್ನುವುದು. ವೈರ್ ವಿಷಯಕ್ಕೆ ಬಂದರೆ, ಕಡಿಯುವ ಚಟ ಇರುವುದು ಇಲಿ, ಅಳಿಲಿಗೆ. ಅವುಗಳ ಹಲ್ಲು ಬೆಳೆಯುತ್ತಲೇ ಇರುತ್ತದೆ, ಸವೆಸಲೇಬೇಕು. ಪುನುಗಿಗೆ ಆ ಕಷ್ಟ ಇಲ್ಲ. ಅದರಿಂದ ಆಗುವ ಹಾನಿ ಮೂತ್ರ, ಹಿಕ್ಕೆ, ಜರುಗಿದ ಹೆಂಚು.

ದೂರ ಬಿಡುವ ವಿಷಯ. ಗೊತ್ತಿಲ್ಲದ ಜಾಗದಲ್ಲಿ ಅದಕ್ಕೆ ಹಣ್ಣಿನ ಮರ ಎಲ್ಲಿದೆ, ಅಡಗುವ ಪೊಟರೆ ಎಲ್ಲಿದೆ ತಿಳಿಯುವುದಿಲ್ಲ. ಆ ಜಾಗದಲ್ಲಿ ಮೊದಲೇ ಇರುವ ಪುನುಗುಗಳು ಸೇರಿಸಿಕೊಳ್ಳುವುದೂ ಇಲ್ಲ. ರಸ್ತೆ ದಾಟುವಾಗಲೋ, ನಾಯಿಗಳ ಬಾಯಿಗೋ ಸಿಗುತ್ತದೆ. ಇತ್ತ ಇವರ ಮನೆಯ ಸಂದು ಹಾಗೇ ತೆರೆದಿರುತ್ತದೆ. ಇನ್ನೊಂದು ಬಂದು ಸೇರುತ್ತದೆ. ಅಷ್ಟೇ ಅಲ್ಲ, ಹಿಡಿದದ್ದು ತಾಯಿಯಾಗಿದ್ದರೆ? ಅಟ್ಟದಲ್ಲಿ ಮರಿಗಳು ಹಾಲಿಲ್ಲದೆ ಸಾಯುತ್ತವೆ. ಆ ವಾಸನೆ ಆಮೇಲೆ ಮನೆಯವರೇ ಅನುಭವಿಸಬೇಕು.

ಪಶುವೈದ್ಯೆ_ಹೆಬ್ಬಾಳ

ಮೇಲಿನ ಕೊನೆಯ ಮಾತೇ ಎಲ್ಲಕ್ಕಿಂತ ಮುಖ್ಯ. ಮರಿ ಇದೆಯಾ ಇಲ್ಲವಾ ಅಂತ ತಿಳಿಯದೆ ಏನನ್ನೂ ಮುಚ್ಚಬೇಡಿ. ಇವು ವರ್ಷದ ಯಾವ ಕಾಲದಲ್ಲಾದರೂ ಮರಿ ಹಾಕಬಹುದು. ಸಾಮಾನ್ಯವಾಗಿ ಎರಡರಿಂದ ಐದು ಮರಿ. ಹುಟ್ಟಿದಾಗ ಕಣ್ಣು ಮುಚ್ಚಿರುತ್ತದೆ. ತಾಯಿ ಹೊರಗೆ ಹೋದ ಮೇಲೆ, ರಾತ್ರಿ ಎಂಟು ಒಂಬತ್ತರ ಹೊತ್ತಿಗೆ, ಫ್ಯಾನ್, ಟಿವಿ ಎಲ್ಲ ಆರಿಸಿ ಹಲಗೆಯ ಕೆಳಗೆ ನಿಂತು ಕೇಳಿ. ಸಣ್ಣ ಕುಂಯ್‌ಗುಟ್ಟುವ ಸದ್ದು ಬಂದರೆ ಮರಿ ಇದೆ ಎಂದೇ ಲೆಕ್ಕ.

ಕಚ್ಚುವ ಭಯದ ಬಗ್ಗೆ. ಇದು ತಾನಾಗಿ ಮನುಷ್ಯರ ಮೇಲೆ ಬರುವ ಪ್ರಾಣಿ ಅಲ್ಲ. ಮೂಲೆಗೆ ಒತ್ತಿದರೆ, ಕೈ ಹಾಕಿ ಹಿಡಿಯಲು ಹೋದರೆ ಕಚ್ಚುತ್ತದೆ. ಯಾವುದೇ ಕಾಡುಪ್ರಾಣಿ ಕಚ್ಚಿ ರಕ್ತ ಬಂದರೆ ರೇಬೀಸ್ ಅಪಾಯ ಇದೆ ಎಂದೇ ತಿಳಿಯಬೇಕು. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ ಏನೂ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಲಸಿಕೆಯ ಜೊತೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಎಂಬ ಚುಚ್ಚುಮದ್ದು ಕೂಡ ಬೇಕಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ರೇಬೀಸ್ ಲಸಿಕೆ ಉಚಿತ.

ಮನೆಯಲ್ಲಿ ನಾಯಿ ಇದ್ದರೆ ಅದರ ಲಸಿಕೆ ಬಾಕಿ ಇಡಬೇಡಿ. ಡಿಸ್ಟೆಂಪರ್ ರೋಗ ನಾಯಿಯಿಂದ ಪುನುಗಿಗೂ ತಗುಲುತ್ತದೆ.

ಇನ್ನೊಂದು ಮಾತು. ಇಲಿ ಪಾಷಾಣ ಅಂತ ಅಂಗಡಿಯಲ್ಲಿ ಕೊಡುವ ಕೇಕುಗಳಲ್ಲಿ ಹೆಚ್ಚಾಗಿ ಬ್ರೊಮಾಡಿಯೊಲೋನ್ ಇರುತ್ತದೆ. ಅದು ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೊಲ್ಲುತ್ತದೆ. ವಿಷ ತಿಂದ ಇಲಿ ಸಾಯಲು ಕೆಲವು ದಿನ ಬೇಕು. ಅಷ್ಟರಲ್ಲಿ ಆ ಇಲಿಯನ್ನು ತಿಂದ ಗೂಬೆ, ಪುನುಗು, ಬೀದಿ ಬೆಕ್ಕು ಕೂಡ ಒಳಗೇ ರಕ್ತ ಸೋರಿ ಸಾಯುತ್ತವೆ. ನನ್ನ ಮೇಜಿನ ಮೇಲೆ ಹೀಗೆ ಬಂದ ಬೆಕ್ಕುಗಳನ್ನು ನೋಡಿದ್ದೇನೆ. ಬಹಳ ಹಿಂಸೆಯ ಸಾವು ಅದು. ದಯವಿಟ್ಟು ಅಟ್ಟದಲ್ಲಿ ಇಡಬೇಡಿ.

ಹೆಂಚಿನಮನೆ_ಮಲ್ಲೇಶ್ವರ

ಡಾಕ್ಟರ್ ಹೇಳಿದಂತೆ ಎಲ್ಲ ಆರಿಸಿ ನಿಂತು ಕೇಳಿದೆವು. ಕುಂಯ್ ಕುಂಯ್ ಸದ್ದು ಬರುತ್ತಿದೆ. ಹಳದಿ ಕಲೆ ಇರುವ ಮೂಲೆಯಿಂದಲೇ.

ಅತ್ತೆಗೆ ಹೇಳಿದೆ. "ಬಾಣಂತೀನ ಮನೆಯಿಂದ ಆಚೆ ಹಾಕ್ತಾರೇನೇ? ಮರಿ ದೊಡ್ಡದಾಗಲಿ ಬಿಡು" ಅಂದರು. ಈಗ ನಿದ್ದೆ ಕೆಟ್ಟರೂ ಬೇಸರವಿಲ್ಲ ಅನ್ನುತ್ತಿದ್ದಾರೆ. ಅವರ ಹಾಸಿಗೆಯನ್ನು ಮುಂದಿನ ಕೋಣೆಗೆ ಬದಲಾಯಿಸಿದ್ದೇವೆ. ಎಷ್ಟು ದಿನ ಕಾಯಬೇಕಾಗಬಹುದು? ಅಲ್ಲಿಯವರೆಗೆ ನಾವು ಏನು ಮಾಡಬೇಕು, ಏನು ಮಾಡಬಾರದು?

ಪಶುವೈದ್ಯೆ_ಹೆಬ್ಬಾಳ

ನಿಮ್ಮ ಅತ್ತೆಗೆ ನನ್ನ ನಮಸ್ಕಾರ ತಿಳಿಸಿ. ಮರಿಗಳು ಸುಮಾರು ಎರಡು ತಿಂಗಳ ಹೊತ್ತಿಗೆ ತಾಯಿಯ ಹಿಂದೆ ಹೊರಗೆ ಓಡಾಡಲು ಶುರು ಮಾಡುತ್ತವೆ. ನಿಮ್ಮ ಮನೆಯವು ಎಷ್ಟು ದೊಡ್ಡವೋ ಗೊತ್ತಿಲ್ಲದಿರುವುದರಿಂದ ಸದ್ದನ್ನೇ ಗಮನಿಸಿ. ಕುಂಯ್‌ಗುಟ್ಟುವುದು ಹೋಗಿ ಮರಿಗಳ ಓಟ, ಜಗಳದ ಸದ್ದು ಬಂದರೆ ಹೊರಡುವ ಕಾಲ ಹತ್ತಿರ.

ಅಟ್ಟಕ್ಕೆ ಹತ್ತಿ ಮರಿ ನೋಡಬೇಡಿ, ಮುಟ್ಟಬೇಡಿ. ಫೋಟೋ ತೆಗೆಯಲು ಮಕ್ಕಳನ್ನು ಕಳಿಸಬೇಡಿ. ಹಾಲು, ಬಾಳೆಹಣ್ಣು ಇಡುವುದೂ ಬೇಡ. ಕರುಣೆಯಿಂದ ಇಟ್ಟರೂ ಅದು ಇಲ್ಲೇ ನೆಲೆ ನಿಲ್ಲುತ್ತದೆ. ಮರಿ ಹಲಗೆ ಸಂದಿನಿಂದ ಕೆಳಗೆ ಬಿದ್ದರೆ ಬಟ್ಟೆ ಹಾಸಿದ ರಟ್ಟಿನ ಡಬ್ಬದಲ್ಲಿಟ್ಟು, ಸಂಜೆ ಸೂರಿನ ಹತ್ತಿರ ಎತ್ತರದಲ್ಲಿ ಇಡಿ. ಸಾಮಾನ್ಯವಾಗಿ ತಾಯಿ ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ. ಬೆಳಿಗ್ಗೆಯಾದರೂ ಅಲ್ಲೇ ಇದ್ದರೆ, ಅಥವಾ ಗಾಯ ಆಗಿದ್ದರೆ, ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಕೆಂಗೇರಿ ಕಡೆ ಇರುವ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಯವರೂ ನೋಡುತ್ತಾರೆ.

ಹೆಂಚುಕೆಲಸ_ಯಶವಂತಪುರ

ನಾನು ಹೆಂಚಿನ ಮಾಡು ರಿಪೇರಿ ಮಾಡುವವನು. ಕಾಯುವ ದಿನಗಳಲ್ಲಿ ಕೆಲಸದ ತಯಾರಿ ಮಾಡಿಕೊಳ್ಳಿ ಮೇಡಂ. ಹಗಲು ಹೊತ್ತು ಅಂಗಳದಲ್ಲಿ ನಿಂತು ಸೂರನ್ನು ಸುತ್ತಲೂ ನೋಡಿ. ಅಂಗೈ ಅಗಲದ ಸಂದು ಇದ್ದರೆ ಸಾಕು, ಅದು ನುಗ್ಗುತ್ತದೆ. ದಾರಿಯ ಗುರುತು ಗೋಡೆಯಲ್ಲೇ ಇರುತ್ತದೆ. ದಿನಾ ಮೈ ಉಜ್ಜಿ ಕಪ್ಪಗೆ ಜಿಡ್ಡು ಹಿಡಿದಿರುತ್ತದೆ. ಅಲ್ಲಿ ಕೂದಲೂ ಅಂಟಿರುತ್ತದೆ.

ಸಾಮಾನು: ಅರ್ಧ ಇಂಚು ಕಣ್ಣಿನ ಜಿಐ ವೆಲ್ಡ್ ಮೆಶ್, ವಾಷರ್ ಹಾಕಿದ ಸ್ಕ್ರೂ. ಕೋಳಿ ಗೂಡಿಗೆ ಹಾಕುವ ತೆಳು ಜಾಲರಿ ಬೇಡ, ಕಿತ್ತು ಹಾಕುತ್ತದೆ. ಮೊಳೆ ಹೊಡೆದರೆ ಹಳೇ ಮರ ಸೀಳುತ್ತದೆ, ಆದ್ದರಿಂದ ಸ್ಕ್ರೂ. ಮೆಶ್ಶನ್ನು ತೊಲೆಗೂ ರೀಪರಿಗೂ ಸೇರಿಸಿ ಬಿಗಿ ಮಾಡಬೇಕು. ಫೋಮ್, ಸಿಮೆಂಟ್ ತುಂಬಿ ಗಟ್ಟಿಯಾಗಿ ಮುಚ್ಚುವವರಿದ್ದಾರೆ. ಹಾಗೆ ಮಾಡಬೇಡಿ. ಹೆಂಚಿನ ಮಾಡಿಗೆ ಗಾಳಿ ಆಡಬೇಕು. ಇಲ್ಲದಿದ್ದರೆ ಮಳೆಗಾಲದಲ್ಲಿ ತೇವ ನಿಂತು ಮರ ಕೊಳೆಯುತ್ತದೆ. ಮೆಶ್ ಹಾಕಿದರೆ ಗಾಳಿಯೂ ಆಡುತ್ತದೆ, ಪ್ರಾಣಿಯೂ ಬರುವುದಿಲ್ಲ.

ಸೂರಿಗೆ ತಾಗುವ ಕೊಂಬೆಯನ್ನು ಆರೇಳು ಅಡಿ ದೂರಕ್ಕೆ ಸವರಿಸಿ. ಇಡೀ ಮರ ಕಡಿಸಬೇಡಿ. ಮಾಡಿನ ಮೇಲೆ ಸುಮ್ನೆ ಜೋತುಬಿದ್ದಿರುವ ಹಳೇ ಕೇಬಲ್ ಇದ್ದರೆ ತೆಗೆಸಿ. ಕರೆಂಟ್ ತಂತಿಯ ಹತ್ತಿರದ ಕೊಂಬೆಯಾದರೆ ಬೆಸ್ಕಾಂನವರಿಗೆ ಹೇಳಿ, ನೀವೇ ಕತ್ತಿ ಹಾಕಬೇಡಿ.

ಜಯನಗರ_ನಿವಾಸಿ

ನುಸಿಗುಳಿಗೆ, ಫಿನಾಯಿಲ್ ಹಾಕಿದರೆ ತಾನೇ ಹೋಗುವುದಿಲ್ಲವೇ?

ರಾತ್ರಿಸಂಚಾರಿ

ಪುನುಗಿಗೆ ಅದು ಏನೂ ಅಲ್ಲ ಸರ್. ಇನ್ನೊಂದು ಮೂಲೆಗೆ ಹೋಗಿ ಮಲಗುತ್ತದೆ. ವಾಸನೆ ಹಲಗೆಯ ಸಂದಿನಿಂದ ಇಳಿದು ಮನೆಯವರ ಮೂಗಿಗೆ ಬರುತ್ತದೆ. ಅದಕ್ಕೆ ಬೇಡವಾದದ್ದು ಬೆಳಕು, ಮನುಷ್ಯರ ಸದ್ದು. ಮರಿಗಳು ಓಡಾಡುವಂತಾದ ಮೇಲೆ ಹಗಲಿಡೀ ಅಟ್ಟದಲ್ಲಿ ಒಂದು ಎಲ್‌ಇಡಿ ಬಲ್ಬು ಉರಿಸಿ, ರೇಡಿಯೋ ಸಣ್ಣಗೆ ಹಾಕಿಡಿ. ಹಗಲು ನಿದ್ದೆ ಕೆಟ್ಟರೆ ತಾಯಿ ಮರಿಗಳನ್ನು ಇನ್ನೊಂದು ಜಾಗಕ್ಕೆ ಸಾಗಿಸುತ್ತದೆ. ಮರಿಗಳು ಇನ್ನೂ ಎಳೆಯವಾಗಿದ್ದರೆ ಇದನ್ನು ಮಾಡಲೇಬೇಡಿ.

ಖಾಲಿಯಾಯಿತಾ ಅಂತ ತಿಳಿಯಲು ಸಂದಿಗೆ ಪೇಪರ್ ಉಂಡೆ ಮಾಡಿ ಸಡಿಲವಾಗಿ ತುರುಕಿ. ಒಳಗೆ ಏನಾದರೂ ಇದ್ದರೆ ತಳ್ಳಿ ಹೊರಗೆ ಬರುತ್ತದೆ. ಸತತ ಕೆಲವು ರಾತ್ರಿ ಪೇಪರ್ ಅಲುಗದೆ ಇದ್ದು, ರಂಗೋಲಿ ಪುಡಿಯಲ್ಲೂ ಹೆಜ್ಜೆ ಕಾಣದಿದ್ದರೆ ಮೆಶ್ ಹಾಕಿಸಿ. ಮುಚ್ಚುವ ಮುಂಚೆ ಬ್ಯಾಟರಿ ಹಿಡಿದು ಮೂಲೆ ಮೂಲೆ ನೋಡಲೇಬೇಕು. ಅನುಮಾನ ಉಳಿದರೆ ಕೊನೆಯ ಸಂದಿಗೆ ಮೆಶ್ ಬದಲು ಅಕ್ರಿಲಿಕ್ ಶೀಟನ್ನು ಮೇಲ್ಗಡೆ ಕೀಲು ಹಾಕಿ ನೇತು ಬಿಡಿ. ಒಳಗಿನಿಂದ ತಳ್ಳಿದರೆ ತೆರೆಯುತ್ತದೆ, ಹೊರಗಿನಿಂದ ತೆರೆಯುವುದಿಲ್ಲ. ಮರಿಗಳಿರುವಾಗ ಇದನ್ನೂ ಹಾಕಬಾರದು. ತಾಯಿ ಹೊರಗೆ ಉಳಿದುಬಿಡುತ್ತದೆ.

ಹೆಂಚಿನಮನೆ_ಮಲ್ಲೇಶ್ವರ

ಎಲ್ಲರಿಗೂ ಸುದ್ದಿ ಹೇಳಬೇಕು. ಹೋದವು! ತಾಯಿ ಮುಂದೆ, ಹಿಂದೆ ಮೂರು ಮರಿ. ಕೊನೆಯ ಮರಿ ಸೂರಿನಲ್ಲಿ ಹಿಂದೆ ಮುಂದೆ ನೋಡುತ್ತಾ ನಿಂತಿತ್ತು. ತಾಯಿ ವಾಪಸ್ ಬಂದು ಕತ್ತು ಕಚ್ಚಿ ಎತ್ತಿಕೊಂಡು ಹೋಯಿತು. ಮಗನ ಮೊಬೈಲಿನಲ್ಲಿ ಎಲ್ಲ ಇದೆ. ಅತ್ತೆ ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದಾರೆ.

ಪೇಪರ್ ಅಲುಗಿಲ್ಲ, ಪುಡಿಯಲ್ಲಿ ಹೆಜ್ಜೆ ಇಲ್ಲ. ಮೂಲೆ ಮೂಲೆ ನೋಡಿ ಮೆಶ್ ಹಾಕಿಸಿದ್ದೇವೆ. ಜರುಗಿದ್ದ ಹೆಂಚುಗಳನ್ನೂ ಕೂರಿಸಿದರು. ಮೂಲೆಯ ಹಲಗೆ ಎರಡು ಬದಲಾಯಿಸಬೇಕಾಯಿತು. ಇನ್ನು ಕ್ಲೀನ್ ಮಾಡುವುದು ಬಾಕಿ. ಡಾಕ್ಟರ್, ಹೇಗೆ ಮಾಡಿಸಲಿ?

ಪಶುವೈದ್ಯೆ_ಹೆಬ್ಬಾಳ

ಒಣಗಿದ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬೇಡಿ, ದೂಳು ಎದ್ದು ಮೂಗಿಗೆ ಹೋಗುತ್ತದೆ. ಮೊದಲು ಬ್ಲೀಚ್ ಬೆರೆಸಿದ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಒದ್ದೆಯಿರುವಾಗಲೇ ಎತ್ತಿ. ಕೈಗವಸು, ಎನ್95 ಮಾಸ್ಕ್ ಹಾಕಿಕೊಂಡೇ ಮಾಡಬೇಕು. ಕೆಲಸದವರಿಂದ ಮಾಡಿಸುವುದಾದರೆ ಅವರಿಗೂ ಅವನ್ನು ಕೊಡಿ. ದಯವಿಟ್ಟು ಇದನ್ನು ಮರೆಯಬೇಡಿ. ಬ್ಲೀಚಿಗೆ ಆಸಿಡ್, ಬೇರೆ ಕ್ಲೀನರ್ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ.

ವಿಜಯನಗರ_ಫ್ಲಾಟ್

ಇಲ್ಲೇ ನನ್ನದೂ ಕೇಳುತ್ತೇನೆ. ನಮ್ಮದು ಮೂರನೇ ಮಹಡಿ ಫ್ಲಾಟ್. ಬಾತ್‌ರೂಮಿನ ಫಾಲ್ಸ್ ಸೀಲಿಂಗ್ ಮೇಲೆ ಹಗಲೆಲ್ಲ ಕರಕರ ಸದ್ದು. ಗೀಸರ್ ವೈರ್ ಅಲ್ಲೇ ಹೋಗಿದೆ. ತೆಂಗಿನ ನಾರು ಕೆಳಗೆ ಬೀಳುತ್ತದೆ. ಇದೂ ಪುನುಗೇ?

ರಾತ್ರಿಸಂಚಾರಿ

ಅಲ್ಲ. ಹಗಲು ಸದ್ದು, ನಾರು, ಕರಕರ ಕಡಿತ ಅಂದರೆ ಅಳಿಲು ಗೂಡು ಕಟ್ಟುತ್ತಿದೆ. ನೀವು ಕಾಯಬೇಡಿ. ಮೊದಲು ಆ ಕಡೆಯ ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ ಕರೆಸಿ ಗೀಸರ್ ವೈರ್ ನೋಡಿಸಿ. ಸಿಪ್ಪೆ ಸುಲಿದಿದ್ದರೆ ಬೆಂಕಿ ಹತ್ತುವ ಅಪಾಯ ಇದೆ. ಆ ಹೊತ್ತಿನಲ್ಲೇ ಒಂದು ಪ್ಯಾನೆಲ್ ತೆಗೆದು ಗೂಡಿನಲ್ಲಿ ಮರಿ ಇದೆಯಾ ನೋಡಿ, ಇಲ್ಲಿಗೆ ಬರೆಯಿರಿ. ಮರಿ ಇಲ್ಲದಿದ್ದರೆ ನಾರು ತೆಗೆದು, ಎಕ್ಸಾಸ್ಟ್ ಫ್ಯಾನಿನ ಸಂದಿಗೆ ಅದೇ ಅರ್ಧ ಇಂಚು ಮೆಶ್ ಹಾಕಿಸಿದರೆ ಆಯಿತು.